ತಿರ್ಜಾ ಎದ್ದು ನಿಂತದ್ದು

ತಿರ್ಜಾ ನನ್ನ ಗಂಡ ಎಲ್ಕಾನಾನ ತಂಗಿ. ಕೆಳಗೆ ಕಣಿವೆಯಲ್ಲಿರುವ ಹೆಣ್ಣುಮಕ್ಕಳ ಸೆಮಿನರಿಯಲ್ಲಿ, ಅಂದರೆ ಟೀಚರಾಗಲು ಓದುವ ವಸತಿಶಾಲೆಯಲ್ಲಿ, ಎರಡು ವರ್ಷ ಓದಿದಳು. ನಮ್ಮ ಗುಡ್ಡದ ಊರಿನಿಂದ ಅಲ್ಲಿಗೆ ಹೋದ ಮೊದಲ ಹುಡುಗಿ ಅವಳೇ. ಅವಳನ್ನು ಅಲ್ಲಿಂದ ಓಡಿಸಿದರು ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ಓಡಿಸಲಿಲ್ಲ. ಊರಿಗೆ ಗೊತ್ತಿರುವುದು ಅರ್ಧ ಕತೆ. ಪೂರ್ತಿ ಗೊತ್ತಿದ್ದ ಎಲ್ಕಾನಾ ಈ ಮಾರ್ಚಿನಲ್ಲಿ ತೀರಿಕೊಂಡ. ತಿರ್ಜಾ ಕೇಳಿದರೆ ಹೇಳುತ್ತಾಳೆ, ಆದರೆ ಕೇಳುವವರಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಒಂಬತ್ತು ವರ್ಷದ ಹುಡುಗಿ. ಅತ್ತೆ ಮಾವ ಆಗಲೇ ಇರಲಿಲ್ಲ. ಅವಳ ಕೈಕಾಲು ಉದ್ದ, ಮಾತು ಗಿಡ್ಡ. ಪಾತ್ರೆ ಒಡೆದರೆ ತಾನೇ ಬಂದು "ಅತ್ತಿಗೆ, ನೀಲಿ ಬಟ್ಟಲು ಒಡೆದೆ" ಅನ್ನುತ್ತಿದ್ದಳು. ಬೆಕ್ಕಿನ ಮೇಲೆ ಹಾಕುತ್ತಿರಲಿಲ್ಲ. ನಾನು ಆ ವಯಸ್ಸಿನಲ್ಲಿ ಬೆಕ್ಕಿನ ಮೇಲೇ ಹಾಕುತ್ತಿದ್ದೆ.

ನಮ್ಮಲ್ಲಿ ಹೆಂಗಸರಿಗೆ ಚಳಿಗಾಲದ ಕೆಲಸ ಅಂದರೆ ತಾಳೆಗರಿ ಟೋಪಿ ಹೆಣೆಯುವುದು. ಅಂಗಡಿಯವನು ಗರಿ ಕೊಡುತ್ತಾನೆ, ನಾವು ಟೋಪಿ ಮಾಡಿ ಕೊಡುತ್ತೇವೆ. ಗರಿ ಬೆರಳು ಕೊಯ್ಯುತ್ತದೆ. ತಿರ್ಜಾ ಹೆಣೆಯುತ್ತಾ ಮಂಡಿಯ ಮೇಲೆ ಪುಸ್ತಕ ಇಟ್ಟುಕೊಳ್ಳುತ್ತಿದ್ದಳು, ಹಾಳೆ ತಿರುವಲು ಮೂಗು. ಹಾಗೆ ಹೆಣೆದೇ ಸೆಮಿನರಿಗೆ ಬೇಕಾದ್ದು ಕೂಡಿಸಿದಳು. ಹತ್ತೊಂಬತ್ತು ತುಂಬಿದ ಮೇಲೆ ಎಲ್ಕಾನಾ ಅವಳ ಪೆಟ್ಟಿಗೆಯನ್ನೂ ಹಕ್ಕಿಗರಿ ತುಂಬಿದ ಒಂದು ಹಾಸಿಗೆಯನ್ನೂ ಗಾಡಿಗೆ ಹಾಕಿ ಬಿಟ್ಟುಬಂದ. ಬಂದವನು ಬೂಟು ಬಿಚ್ಚುತ್ತಾ ಹೇಳಿದ, "ಬಾಗಿಲಲ್ಲೇ ಕೂರಿಸ್ಕೊಂಡು ಲೆಕ್ಕ ಕೇಳಿದ್ರು, ವ್ಯಾಕರಣ ಕೇಳಿದ್ರು. ಆಮೇಲೆ ಕೈ ನೋಡಿದ್ರು. ಇಷ್ಟು ದೊಡ್ಡ ಕೈಯಾ, ರೊಟ್ಟಿ ಗುಂಪಿಗೆ ಹಾಕಿ ಅಂದ್ರು."

ಆ ಸೆಮಿನರಿಯಲ್ಲಿ ಆಳುಗಳಿಲ್ಲ. ಹುಡುಗಿಯರೇ ಅಡಿಗೆ, ಹುಡುಗಿಯರೇ ಬಟ್ಟೆ, ಹುಡುಗಿಯರೇ ನೆಲ. ಒಬ್ಬೊಬ್ಬರಿಗೆ ಒಂದೊಂದು ಗುಂಪು. ತಿರ್ಜಾ ಎರಡು ವರ್ಷವೂ ಹಿಟ್ಟು ನಾದಿದಳು. ಗಂಟೆ ಹೊಡೆಯುವ ಮೊದಲೇ ಎದ್ದು, ಕತ್ತಲಲ್ಲಿ, ಮೊಣಕೈತನಕ ಹಿಟ್ಟಲ್ಲಿ. ಆಮೇಲೆ ಪ್ರಾರ್ಥನೆ, ಪಾಠ, ಊಟ, ಪಾಠ, ಮತ್ತೆ ರೊಟ್ಟಿ. ರಜೆಗೆ ಬಂದರೆ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. "ಅಲ್ಲೇನು ಕಲಿಸ್ತಾರಮ್ಮ, ನಿದ್ದೆ ಮಾಡೋದನ್ನಾ?" ಅಂತ ಎಲ್ಕಾನಾ ರೇಗಿಸುತ್ತಿದ್ದ.

"ರೇಖಾಗಣಿತ ಕಲಿಸ್ತಾರೆ" ಅನ್ನುತ್ತಿದ್ದಳು ಕಣ್ಣು ಮುಚ್ಚಿಕೊಂಡೇ.

ಆ ರೇಖಾಗಣಿತ ಅವಳಿಗೆ ಬಹಳ ಹಿಡಿಸಿತ್ತು. ಒಂದು ಸಲ ಒಲೆ ಬೂದಿಯ ಮೇಲೆ ಕಡ್ಡಿಯಿಂದ ಗೆರೆ ಎಳೆದು ನನಗೆ ತೋರಿಸಿದಳು. ಅರ್ಥವಾಗಲಿಲ್ಲ. ಅವಳು ಮಾತ್ರ ಹೊಟ್ಟೆ ತುಂಬ ಉಂಡವಳ ಹಾಗೆ ಕಂಡಳು.

ಇನ್ನು ಭರವಸೆಯ ವಿಷಯ. ನಮ್ಮ ಕಡೆ ಯಾರಾದರೂ "ನಿಮಗೆ ಭರವಸೆ ಉಂಟೇ?" ಅಂತ ಕೇಳಿದರೆ ಅವರು ಬೆಳೆಯ ಬಗ್ಗೆ ಕೇಳುತ್ತಿಲ್ಲ. ಸತ್ತ ಮೇಲೆ ದೇವರು ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ ಅನ್ನುವುದು ಒಂದು ದಿನ ಎದೆಗೆ ತಾನಾಗಿ ಗೊತ್ತಾಗಬೇಕು. ಗೊತ್ತಾದರೆ ಎದ್ದು ನಿಂತು ಹೇಳಬೇಕು. ಆಗ ನಿಮಗೆ ಭರವಸೆ ಇದೆ. ಇಲ್ಲವಾದರೆ ಇಲ್ಲ. ನನಗೆ ಹದಿನಾರಕ್ಕೆ ಬಂತು, ಊರಿಗೆಲ್ಲ ಒಟ್ಟಿಗೆ ಬಂದಾಗ, ಜ್ವರ ಬಂದ ಹಾಗೆ. ಅದನ್ನು ನಾನು ಅಗೆದು ನೋಡಿಲ್ಲ. ಎಲ್ಕಾನಾಗೆ ಬರಲೇ ಇಲ್ಲ. ಚರ್ಚಿನಲ್ಲಿ ಭರವಸೆ ಇದ್ದವರಿಗಷ್ಟೇ ರೊಟ್ಟಿ ದ್ರಾಕ್ಷಾರಸ ಹಂಚುವ ಹೊತ್ತಿಗೆ ಅವನು ಎದ್ದು ಹೊರಗೆ ಹೋಗಿ ಕುದುರೆಯ ಪಕ್ಕ ನಿಲ್ಲುತ್ತಿದ್ದ. ನಾನು ಒಳಗೆ, ಅವನು ಹೊರಗೆ. ಇಪ್ಪತ್ತು ವರ್ಷಕ್ಕೂ ಮೇಲೆ ಹಾಗೇ ನಡೆಯಿತು.

ಸೆಮಿನರಿಯಲ್ಲಿ ಹುಡುಗಿಯರನ್ನು ಭರವಸೆಯ ಲೆಕ್ಕದಲ್ಲೇ ಕೂರಿಸುತ್ತಿದ್ದರು. ಇರುವವರು ದೊಡ್ಡ ಕೋಣೆಯಲ್ಲಿ. ಇಲ್ಲದವರು ಅಡಿಗೆಮನೆ ಪಕ್ಕದ ಕೋಣೆಯಲ್ಲಿ. ತಿರ್ಜಾ ಅಡಿಗೆಮನೆ ಪಕ್ಕ. ಮೊದಲ ವರ್ಷ ಆ ಕೋಣೆ ತುಂಬಿತ್ತಂತೆ. ವಾರ ವಾರ ಒಬ್ಬೊಬ್ಬಳೇ ಅಳುತ್ತಾ ಎದ್ದು ದೊಡ್ಡ ಕೋಣೆಗೆ ಹೋದಳು. ಎರಡನೇ ಚಳಿಗಾಲಕ್ಕೆ ಉಳಿದವರು ಬೆರಳೆಣಿಕೆ.

ಅಲ್ಲಿಯ ಮುಖ್ಯಸ್ಥೆ ಮಿಸ್ ಟಿಲ್ಡೆನ್. ನಾನು ಅವಳನ್ನು ಒಂದೇ ಸಲ ನೋಡಿದ್ದು. ಸಣ್ಣ ಹೆಂಗಸು, ಕೆಮ್ಮು, ಮೆಲು ದನಿ. ಅವಳು ಮಾತಾಡಿದರೆ ಕೇಳಿಸಿಕೊಳ್ಳಲು ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಕೆಟ್ಟವಳಲ್ಲ. ತಿರ್ಜಾಗೆ ಚಳಿಹುಣ್ಣಾದಾಗ ತಾನೇ ಕೂತು ಕುರಿಕೊಬ್ಬು ಹಚ್ಚಿದಳಂತೆ. ಹಚ್ಚುತ್ತಾ, "ತಿರ್ಜಾ, ಯಾಕಮ್ಮ ನಿನ್ನ ಎದೆ ಇಷ್ಟು ಕಲ್ಲು?" ಅಂತ ಕೇಳಿದಳಂತೆ.

"ಕಲ್ಲೇನಿಲ್ಲ ಮೇಡಂ. ಬಂದಿಲ್ಲ ಅಷ್ಟೆ."

"ಕೇಳಿಕೊಂಡ್ಯಾ?"

"ದಿನಾ ಕೇಳ್ಕೊಳ್ತೀನಿ."

ಆ ಫೆಬ್ರವರಿಯಲ್ಲಿ ಉಪವಾಸದ ದಿನ ಬಂತು. ಹಗಲೆಲ್ಲ ಊಟವಿಲ್ಲ, ಪಾಠವಿಲ್ಲ, ಪ್ರಾರ್ಥನೆಯೇ. ಸಂಜೆ ಉಪವಾಸ ಮುರಿಯಲು ರೊಟ್ಟಿ ಬೇಕಲ್ಲ, ಅದು ಇಟ್ಟಿಗೆಯ ಒಲೆಗೂಡಿನಲ್ಲಿ ಬೇಯುತ್ತಿತ್ತು. ಗೂಡು ನೋಡಿಕೊಳ್ಳಬೇಕಾದ ಹುಡುಗಿ ದೊಡ್ಡ ಕೋಣೆಯಲ್ಲಿ ಮಂಡಿಯೂರಿ ಎಲ್ಲವನ್ನೂ ಮರೆತಿದ್ದಳು. ಮಿಸ್ ಟಿಲ್ಡೆನ್ ಭರವಸೆ ಇಲ್ಲದವರ ಕೋಣೆಗೆ ಬಂದು ಬಾಗಿಲು ಹಾಕಿ ಬಹಳ ಹೊತ್ತು ಮಾತಾಡಿದಳು. ಕೊನೆಗೆ ಇನ್ನೂ ಮೆಲ್ಲಗೆ ಹೇಳಿದಳು, "ಈ ಗಳಿಗೆ ತನ್ನನ್ನು ದೇವರಿಗೆ ಒಪ್ಪಿಸಿಕೊಂಡವಳು ಯಾರಾದರೂ ಇದ್ದರೆ ಎದ್ದು ನಿಲ್ಲಲಿ."

ಯಾರೂ ಅಲುಗಲಿಲ್ಲ. ಆಗ ತಿರ್ಜಾಳ ಮೂಗಿಗೆ ಸೀದ ವಾಸನೆ ಬಡಿಯಿತು.

ಎದ್ದಳು. ಬೆಂಚು ದಾಟಿ, ಬಾಗಿಲು ತೆಗೆದು, ಹೋದಳು. ಮಿಸ್ ಟಿಲ್ಡೆನ್ ಕಡೆಯ ಮಾತು ಅವಳಿಗೆ ಸರಿಯಾಗಿ ಕೇಳಿಸಿಯೇ ಇರಲಿಲ್ಲ. ಹಿಂದೆ ಯಾರೋ ಬಿಕ್ಕಿದ್ದು ಕೇಳಿಸಿತಂತೆ, ತಿರುಗಿ ನೋಡಲಿಲ್ಲ. ಅಷ್ಟು ಗಟ್ಟಿ ತಿರ್ಜಾಳೇ ಎದ್ದಳಲ್ಲ ಅಂತ ಇನ್ನಿಬ್ಬರು ಹುಡುಗಿಯರು ಆ ಗಳಿಗೆಯಲ್ಲೇ ಎದ್ದು ನಿಂತಿದ್ದರು. ಇದೊಂದೂ ಗೊತ್ತಿಲ್ಲದೆ ಅವಳು ಗೂಡಿನ ಬಾಗಿಲು ಕಿತ್ತು, ಹಲಗೆಯಿಂದ ರೊಟ್ಟಿ ಎಳೆದು ಹಾಕುತ್ತಿದ್ದಳು. ಒಂದು ಸಾಲು ಕರಕಲು. ಉಳಿದದ್ದು ಉಳಿಯಿತು.

ತಿರುಗಿದರೆ ಬಾಗಿಲಲ್ಲಿ ಮಿಸ್ ಟಿಲ್ಡೆನ್. ಹಿಂದೆ ಹುಡುಗಿಯರ ಗುಂಪು. ಎಲ್ಲರ ಕಣ್ಣಲ್ಲೂ ನೀರು. ಮಿಸ್ ಟಿಲ್ಡೆನ್ ಬಂದು ಮಸಿ ಹಿಡಿದ ಆ ಎರಡು ಕೈಗಳನ್ನೂ ಹಿಡಿದುಕೊಂಡಳು.

"ತಿರ್ಜಾ! ಕೊನೆಗೂ."

"ರೊಟ್ಟಿ, ಮೇಡಂ..." ಅಂದಳು ತಿರ್ಜಾ.

"ಹೌದು ಮಗು, ಹೌದು. ಜೀವದ ರೊಟ್ಟಿ!"

ಯೇಸು ತನ್ನನ್ನು ಜೀವದ ರೊಟ್ಟಿ ಅಂತ ಕರೆದುಕೊಂಡಿದ್ದಾನಲ್ಲ. ಆ ಮನೆಯಲ್ಲಿ ರೊಟ್ಟಿ ಅಂದರೆ ಮೊದಲು ಅದೇ ನೆನಪಾಗುವುದು. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಅವಳನ್ನು ತಬ್ಬಿಕೊಂಡರು. ಹೊಟ್ಟೆ ಹಸಿದಿತ್ತು, ತಲೆ ಸುತ್ತುತ್ತಿತ್ತು, ಬೆಳಗಿನ ಜಾವದಿಂದ ನಿಂತ ಕಾಲು. ಅವಳು ಸುಮ್ಮನೆ ನಿಂತಳು. ಅವತ್ತೇ ಅವಳನ್ನು ದೊಡ್ಡ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಬೆಂಕಿಗೂಡು ಚೆನ್ನಾಗಿ ಉರಿಯುತ್ತಿತ್ತಂತೆ.

ಆಮೇಲೆ ದೂರ ಪಶ್ಚಿಮದ ಇಲಿನಾಯಿಯಿಂದ ಕೇಳಿಕೆ ಬಂತು. ಅಲ್ಲಿ ಹುಲ್ಲುಗಾವಲಿನ ಊರೊಂದರಲ್ಲಿ ಹೊಸ ಶಾಲೆ, ಹುಡುಗಿಯರಿಗೂ ಮೇಲಿನ ಪಾಠ. ಒಬ್ಬ ಟೀಚರ್ ಬೇಕು. ರೇಖಾಗಣಿತ ಹೇಳಿಕೊಡಬೇಕು. ಭರವಸೆ ಇರಲೇಬೇಕು. ಮಿಸ್ ಟಿಲ್ಡೆನ್ ತಿರ್ಜಾಳ ಹೆಸರು ಹೇಳಿದಳು.

ಈ ಸುದ್ದಿ ಹೊತ್ತುಕೊಂಡು ಅವಳು ವಸಂತದ ರಜೆಗೆ ಮನೆಗೆ ಬಂದಳು. ಮೇಪಲ್ ಮರದ ರಸ ಇಳಿಯುವ ಕಾಲ. ಎಲ್ಕಾನಾನೂ ನಾನೂ ತೋಪಿನಲ್ಲಿ ಸಕ್ಕರೆಗೆ ರಸ ಕುದಿಸುತ್ತಿದ್ದೆವು. ಅವಳು ಸೌದೆ ಮೇಲೆ ಕೂತು ಎಲ್ಲ ಹೇಳಿದಳು. ಜೀವದ ರೊಟ್ಟಿ ಅನ್ನುವ ಹೊತ್ತಿಗೆ ಎಲ್ಕಾನಾ ಸೌಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಕಣೇ, ಸೀದ ರೊಟ್ಟಿ ಹಿಡ್ಕೊಂಡು ಸ್ವರ್ಗಕ್ಕೆ ಹೋದವಳು ನೀನೊಬ್ಬಳೇ ಇರಬೇಕು!"

"ನಗಬೇಡಣ್ಣ."

"ಸರಿ, ನಗಲ್ಲ. ರಸ ನೋಡ್ಕೊಳ್ಳೇ" ಅಂತ ನನಗೆ ಹೇಳಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತ. "ಏನ್ಮಾಡ್ತೀಯಾ ಈಗ?"

"ಹೇಳ್ಬೇಕು ಅನ್ಸುತ್ತೆ."

ನನಗೆ ತಡೆಯಲಾಗಲಿಲ್ಲ, ಬೈದೆ. "ಏನಂತ ಹೇಳ್ತೀಯಾ? ನೀನೇನು ಸುಳ್ಳು ಹೇಳಿದ್ಯಾ? ಎದ್ದೆ. ಅವರು ಅಂದ್ಕೊಂಡ್ರು. ಸುಮ್ನಿರು. ಇಲಿನಾಯಿಗೆ ಹೋಗು. ಇಲ್ಲಿ ನಿನಗೇನಿದೆ? ಗರಿ ಇದೆ, ಬೆರಳು ಕೊಯ್ಯೋಕೆ."

"ಅಲ್ಲಿ ಹೋದ್ರೆ ಮಕ್ಕಳು ಕೇಳ್ತಾರೆ ಅತ್ತಿಗೆ. ಭರವಸೆ ಹೇಗೆ ಬಂತು ಟೀಚರ್ ಅಂತ. ಏನು ಹೇಳ್ಲಿ?"

"ಎಲ್ಲರೂ ಹೇಳೋದನ್ನ ಹೇಳು."

"ನಿಮಗೆ ಹೇಗೆ ಬಂತು?"

ನಾನು ರಸದ ನೊರೆ ತೆಗೆದೆ.

ಎಲ್ಕಾನಾ ಅವಳಿಗೆ ಹೋಗು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. "ನಂಗೂ ಬಂದಿಲ್ಲ ಕಣೇ. ಬಂದೋರ ಥರ ಇರೋದು ಹೇಗೆ ಅಂತ ನಂಗೊತ್ತಿಲ್ಲ. ನೀನೇ ನೋಡ್ಕೋ" ಅಂದ.

ಅವಳು ವಾಪಸು ಹೋಗಿ ನೇರ ಮಿಸ್ ಟಿಲ್ಡೆನ್ ಕೋಣೆಗೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ಎಷ್ಟೋ ಚಳಿಗಾಲ ಟೋಪಿ ಹೆಣೆಯುತ್ತಾ ನನಗೆ ಹೇಳಿದ್ದಾಳೆ. ಪ್ರತಿ ಸಲವೂ ಒಂದೇ ಥರ.

"ಮೇಡಂ, ಅವತ್ತು ನಾನು ಎದ್ದದ್ದು ರೊಟ್ಟಿಗೆ. ಗೂಡಲ್ಲಿದ್ದ ರೊಟ್ಟಿಗೆ. ಸೀದ ವಾಸನೆ ಬಂತು."

ಮಿಸ್ ಟಿಲ್ಡೆನ್ ಬಹಳ ಹೊತ್ತು ಕೆಮ್ಮಿದಳಂತೆ. ಆಮೇಲೆ ಅಂದಳು, "ಆ ವಾಸನೆ ಕಳಿಸಿದ್ದು ಯಾರಿರಬಹುದು ತಿರ್ಜಾ? ದೇವರು ನಿನ್ನನ್ನ ಎಬ್ಬಿಸೋಕೆ ರೊಟ್ಟಿಯನ್ನೇ ಹಿಡಿದಿರಬಹುದಲ್ಲ?"

"ಇರಬಹುದು ಮೇಡಂ. ನನಗೆ ಗೊತ್ತಾಗಲಿಲ್ಲ."

"ನಿನ್ನ ನೋಡಿ ಇನ್ನಿಬ್ಬರು ಎದ್ದರು. ಅವರ ಗತಿ?"

"ಅವರದ್ದು ಅವರಿಗೆ ಗೊತ್ತು. ಅವರು ಗೂಡಿನ ಹತ್ತಿರ ಬರಲಿಲ್ಲವಲ್ಲ."

"ಇಲಿನಾಯಿಯ ಮಕ್ಕಳು? ನಿನ್ನಷ್ಟು ಚೆನ್ನಾಗಿ ಕಲಿಸೋರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ. ಒಂದು ತಿಂಗಳು ಸುಮ್ಮನಿರು. ಪ್ರಾರ್ಥನೆ ಮಾಡು. ಬಂದೇ ಬರುತ್ತೆ. ಬಂದ ಮೇಲೆ ಇದ್ಯಾವುದೂ ಹೇಳೋ ಅಗತ್ಯವೇ ಇರಲ್ಲ."

ಹೇಳುತ್ತಾ ಇಲ್ಲಿಗೆ ಬಂದಾಗ ಟೋಪಿಯ ಮೇಲೆ ತಿರ್ಜಾಳ ಕೈ ನಿಲ್ಲುತ್ತಿತ್ತು. ಅವಳಿಗೆ ಆ ಕೆಲಸ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತು. ಹುಲ್ಲುಗಾವಲಿನ ನಕ್ಷೆಯನ್ನು ಕಲ್ಲುಹಲಗೆಯ ಮೇಲೆ ಬರೆದು ನಮಗೆ ತೋರಿಸಿದ್ದಳು, ಶಾಲೆ ಎಲ್ಲಿ, ನದಿ ಎಲ್ಲಿ ಅಂತ. ಮಿಸ್ ಟಿಲ್ಡೆನ್ ಮಾತಿನಂತೆ ಅವಳು ಸುಮ್ಮನಿದ್ದು ನೋಡಿದಳು. ತಿಂಗಳು ಪೂರ್ತಿ. ಹಿಟ್ಟು ನಾದುತ್ತಾ ಕೇಳಿಕೊಂಡಳು, ಮಂಡಿಯೂರಿ ಕೇಳಿಕೊಂಡಳು. ತೂಕಡಿಸುತ್ತಾ ಕೇಳಿಕೊಂಡೆ ಅಂತಲೂ ಅನ್ನುತ್ತಾಳೆ. ಬರಲಿಲ್ಲ.

ಆ ಸೆಮಿನರಿಯಲ್ಲಿ ಶನಿವಾರಕ್ಕೊಮ್ಮೆ ಒಬ್ಬೊಬ್ಬಳೂ ಎದ್ದು ವಾರದ ತನ್ನ ತಪ್ಪು ತಾನೇ ಹೇಳಬೇಕು. ಗಂಟೆಗೆ ತಡವಾಯಿತು, ಪಾಠದಲ್ಲಿ ಪಿಸುಗುಟ್ಟಿದೆ, ದೀಪ ಆರಿಸಲಿಲ್ಲ. ತಿಂಗಳು ತುಂಬಿದ ಶನಿವಾರ ತಿರ್ಜಾಳ ಸರದಿ ಬಂದಾಗ ಅವಳು ಎದ್ದು ಅಂದಳು, "ಉಪವಾಸದ ದಿನ ನಾನು ಎದ್ದದ್ದು ಗೂಡಿನಲ್ಲಿ ರೊಟ್ಟಿ ಸೀಯುತ್ತಿತ್ತು ಅಂತ. ನನಗೆ ಭರವಸೆ ಇಲ್ಲ. ನೀವೆಲ್ಲ ತಬ್ಬಿಕೊಂಡಾಗ ಹೇಳಬೇಕಿತ್ತು. ಹೇಳಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅವಳ ಹಿಂದೆ ಎದ್ದಿದ್ದ ಇಬ್ಬರಲ್ಲಿ ಒಬ್ಬಳು ಮುಖ ಮುಚ್ಚಿಕೊಂಡಳು. ಅವಳು ತಿರ್ಜಾಳೊಂದಿಗೇ ಮಲಗುತ್ತಿದ್ದ ಹುಡುಗಿ, ಒಂದೇ ಹಾಸಿಗೆ, ಒಂದೇ ಕಂಬಳಿ. ಮತ್ತೆ ಮಾತಾಡಲಿಲ್ಲ. ಕಂಬಳಿ ಮಾತ್ರ ಹಂಚಿಕೊಂಡೆವು ಅನ್ನುತ್ತಾಳೆ ತಿರ್ಜಾ. ಸೋಮವಾರ ತಿರ್ಜಾ ತಾನಾಗಿಯೇ ಅಡಿಗೆಮನೆ ಪಕ್ಕದ ಕೋಣೆಗೆ ಹೋಗಿ ಕೂತಳು. ಅಷ್ಟರಲ್ಲಿ ಉಳಿದವರೂ ದೊಡ್ಡ ಕೋಣೆ ಸೇರಿದ್ದರು, ಇಡೀ ಕೋಣೆಗೆ ಅವಳೊಬ್ಬಳೇ. ಮಿಸ್ ಟಿಲ್ಡೆನ್ ದಿನವೂ ಬಂದು ಅವಳ ಎದುರು ಕೂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದಳು. ಕೊನೆಕೊನೆಗೆ ಇಬ್ಬರೂ ದಣಿದಿದ್ದರಂತೆ.

ಬೇಸಿಗೆಯಲ್ಲಿ ಎಲ್ಲರೆದುರಿನ ಪರೀಕ್ಷೆ. ನಾವೂ ಹೋದೆವು. ಪಾದ್ರಿಗಳು, ಊರ ದೊಡ್ಡವರು ಮುಂದೆ, ನಮ್ಮಂಥವರು ಹಿಂದೆ. ತಿರ್ಜಾಳನ್ನು ಕರಿಹಲಗೆಗೆ ಕರೆದರು. ಗೆರೆ ಎಳೆದಳು, ಮಾತಾಡಿದಳು, ಮುಗಿಸಿದಳು. ಮುಂದೆ ಕೂತಿದ್ದ ಮುದುಕ ಪಾದ್ರಿಯೊಬ್ಬರು ಅಡ್ಡಪ್ರಶ್ನೆ ಹಾಕಿದರು. ಉತ್ತರ ಕೇಳಿ ತಲೆಯಾಡಿಸಿದರು. ಎಲ್ಕಾನಾ ನನ್ನ ಕೈ ಹಿಸುಕಿದ ಹಿಸುಕಿಗೆ ಉಂಗುರ ಒತ್ತಿತು.

ಅವಳಿಗೂ ಪ್ರಮಾಣಪತ್ರ ಕೊಟ್ಟರು. ಆಮೇಲೆ ಯಾರು ಯಾವ ಊರಿನ ಶಾಲೆಗೆ ಹೋಗುತ್ತಾರೆ ಅಂತ ಓದಿದರು. ಓಹಿಯೋ, ಟೆನೆಸೀ, ಇಲಿನಾಯಿ. ಇಲಿನಾಯಿಗೆ ಬೇರೆ ಹೆಸರು. ತಿರ್ಜಾಳ ಹೆಸರು ಎಲ್ಲೂ ಬರಲಿಲ್ಲ. ಗಾಡಿ ಗುಡ್ಡ ಹತ್ತುವ ಮೊದಲೇ ಅವಳು ಪೆಟ್ಟಿಗೆಗೆ ಒರಗಿ ನಿದ್ದೆಹೋದಳು. ಮನೆಗೆ ಬಂದ ಮೇಲೂ ಎರಡು ದಿನ ಮಲಗಿದಳು. ನಾನು ಎಬ್ಬಿಸಲಿಲ್ಲ.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಚಳಿಗಾಲದಲ್ಲಿ ಟೋಪಿ. ಬೇಸಿಗೆಯಲ್ಲಿ ನಮ್ಮೂರ ಶಾಲೆಯ ಚಿಕ್ಕ ಮಕ್ಕಳು. ಚಳಿಗಾಲಕ್ಕೆ ದೊಡ್ಡ ಹುಡುಗರು ಬರುತ್ತಾರೆ, ಅದಕ್ಕೆ ಗಂಡಸು ಮಾಸ್ತರು ಬೇಕು ಅಂತ ಅವಳನ್ನು ಬಿಡಿಸುತ್ತಿದ್ದರು. ಪೀಪಾಯಿ ಮಾಡುವ ವಿಧುರನೊಬ್ಬ ಮದುವೆಗೆ ಕೇಳಿದ, ಬೇಡ ಅಂದಳು. ಚರ್ಚಿನ ಹಿರಿಯ ಡೀಕನ್‌ನ ಹೆಂಡತಿ ಮೆಹಿಟಬಲ್ ಅಂಗಡಿಯಲ್ಲಿ ಸಿಕ್ಕಾಗೆಲ್ಲ, "ಏನಮ್ಮ, ರೊಟ್ಟಿ ಸುಡೋದು ಕಲಿಯೋಕೆ ಎರಡು ವರ್ಷ ಬೇಕಾಯ್ತಾ?" ಅನ್ನುತ್ತಿದ್ದಳು.

"ಒಂದು ಸಾಲು ಮಾತ್ರ ಸುಟ್ಟಿದ್ದು, ಮೆಹಿಟಬಲಕ್ಕ" ಅನ್ನುತ್ತಿದ್ದಳು ತಿರ್ಜಾ. ನಗುತ್ತಿರಲೂ ಇಲ್ಲ.

ಹನ್ನೊಂದು ವರ್ಷ ಹಾಗೆ ಕಳೆಯಿತು. ಈ ಚಳಿಗಾಲ ಎಲ್ಕಾನಾಗೆ ಪುಪ್ಪುಸ ಕೆಟ್ಟಿತು. ನಾವಿಬ್ಬರೂ ಸರದಿಯಲ್ಲಿ ಕೂತೆವು. ಮಾರ್ಚಿನ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹಸು ಕರು ಹಾಕಲು ಒದ್ದಾಡುತ್ತಿತ್ತು. ನಾನು ಹೋದೆ. ತಿರ್ಜಾ ಅವನ ಹತ್ತಿರ ಉಳಿದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವನು ಹೋಗಿದ್ದ.

ಮಾರನೇ ದಿನ ಪಾದ್ರಿ ಸ್ಟೆಬಿನ್ಸ್ ಬಂದರು. ಸಮಾಧಿಯ ಹೊತ್ತಿಗೆ ಏನು ಹೇಳಬೇಕು ಅಂತ ಗೊತ್ತುಮಾಡಿಕೊಳ್ಳಲು. ಭರವಸೆ ಇಲ್ಲದೆ ಹೋದವನ ಬಗ್ಗೆ ಪಾದ್ರಿ ಒಳ್ಳೆಯ ಮಾತು ಹೇಳುವ ಹಾಗಿಲ್ಲ. ಆದರೆ ಕೊನೇ ಗಳಿಗೆಯಲ್ಲಿ ಒಂದು ಮಾತು ಬಂದಿದ್ದರೂ ಸಾಕು, ಅದನ್ನು ಹಿಡಿದು ಹೇಳುತ್ತಾರೆ. ಎಷ್ಟೋ ಮನೆಯಲ್ಲಿ ಹಾಗೆ ಮಾತು ಬಂದಿದೆ. ಬರದಿದ್ದರೂ ಬಂದಿದೆ.

ಪಾದ್ರಿಗಳು ಅವಳ ಕಡೆ ತಿರುಗಿದರು. "ತಿರ್ಜಾ, ಕೊನೆಗೆ ನೀನೊಬ್ಬಳೇ ಇದ್ದದ್ದು. ಅವನು ಏನಾದರೂ ಅಂದನಾ? ದೇವರ ಹೆಸರು? ಕ್ಷಮೆಯ ಮಾತು? ಸಣ್ಣದಾದರೂ ಪರವಾಗಿಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೇಳಿದೆ. ಅವಳಿಗೆ ಗೊತ್ತಾಯಿತು.

"ನೀರು ಕೇಳಿದ, ಕೊಟ್ಟೆ. ಹಸು ಈದಿತಾ ಅಂತ ಕೇಳಿದ, ಇನ್ನೂ ಇಲ್ಲ ಅಂದೆ. ಭರವಸೆಯ ಮಾತು ಬರಲಿಲ್ಲ ಪಾದ್ರಿಗಳೇ. ಹೆದರಲೂ ಇಲ್ಲ. ಅತ್ತಿಗೆ ಕೊಟ್ಟಿಗೆಯಿಂದ ಬಂದ್ಮೇಲೆ ಏನಾದ್ರೂ ಬಿಸಿ ಕುಡಿಯೋಕೆ ಕೊಡು ಅಂದ."

ಪಾದ್ರಿಗಳು ಟೋಪಿ ಹಾಕಿಕೊಂಡು ಹೋದರು. ಸಮಾಧಿಯಲ್ಲಿ ಅವರು ಉಳಿದವರ ಬಗ್ಗೆ, ಎಚ್ಚರವಾಗಿರಬೇಕಾದ್ದರ ಬಗ್ಗೆ ಹೇಳಿದರು. ಎಲ್ಕಾನಾ ಬಗ್ಗೆ ಹುಟ್ಟಿದ ತಾರೀಖು, ಸತ್ತ ತಾರೀಖು. ಮೆಹಿಟಬಲ್ ನನ್ನ ಬೆನ್ನು ಸವರುತ್ತಾ, "ಯಾರಿಗ್ಗೊತ್ತು, ಮನಸ್ಸಲ್ಲೇ ಅಂದಿರಬಹುದು" ಅಂದಳು. ಅವಳು ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಎಲ್ಲರೂ ಹಾಗೇ ಏನೇನೋ ಅಂದರು. ಸುಖವಾಗಿದ್ದಾನೆ ಅಂದರು, ನೋಡುತ್ತಿದ್ದಾನೆ ಅಂದರು. ಒಂದೂ ನನ್ನೊಳಗೆ ಇಳಿಯಲಿಲ್ಲ.

ತಿರ್ಜಾಳ ಮೇಲೆ ಸಿಟ್ಟು ಬಂದಿತ್ತು. ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ಅವಳು ಹಸು ಕರೆದಳು, ಒಲೆ ಹಚ್ಚಿದಳು, ಊಟ ಇಟ್ಟಳು, ನಾನು ಉಣ್ಣದಿದ್ದರೆ ತೆಗೆದಿಟ್ಟಳು. ನಿದ್ದೆ ಅನ್ನುವುದು ನನಗೆ ಹತ್ತಿರ ಸುಳಿಯಲಿಲ್ಲ. ಅವನು ಎಲ್ಲಿದ್ದಾನೋ ಅಂತ. ಒಳಗೋ, ಹೊರಗೆ ಕುದುರೆ ಪಕ್ಕವೋ.

ಎಂಟನೇ ದಿನ ಅವನ ಅಂಗಿಗಳನ್ನು ತೊಳೆಯಲು ಕೂತೆವು. ಅವಳು ಹಿಂಡುತ್ತಿದ್ದಳು. ನಾನು ಕೇಳಿದೆ.

"ನಿಜವಾಗ್ಲೂ ಹೆದರಲಿಲ್ವಾ?"

"ಇಲ್ಲ ಅತ್ತಿಗೆ."

"ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೆ?"

ಅವಳು ನನ್ನನ್ನು ನೋಡಿದಳು, ಅಷ್ಟೆ. ಅಂಥ ಪ್ರಶ್ನೆಯನ್ನು ಅವಳಿಗೆ ಕೇಳುವುದು ಎಂಥ ಪೆದ್ದುತನ ಅಂತ ನನಗೇ ಅನಿಸಿತು. ಬಟ್ಟೆ ಹರವಿ ಒಳಗೆ ಹೋದೆ. ಹಾಸಿಗೆಯ ಮೇಲೆ ಬೂಟು ಸಮೇತ ಬಿದ್ದುಕೊಂಡು, ಹಗಲಲ್ಲೇ, ಹಾಲು ಕರೆಯುವ ಹೊತ್ತಿನವರೆಗೆ ಮಲಗಿದೆ.